ಅಂಧರ ಓಟ: ಹಗ್ಗದ ಇನ್ನೊಂದು ತುದಿ ನಮ್ಮದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ನಾವು ಸಾಮಾನ್ಯವಾಗಿ ಅಂಕಗಳ ಬಗ್ಗೆ, ವಿದ್ಯಾರ್ಥಿವೇತನದ ಬಗ್ಗೆ, ಪಿಯುಸಿ ನಂತರ ಮುಂದೇನು ಎಂಬ ಬಗ್ಗೆ ಮಾತನಾಡುತ್ತೇವೆ. ಇಂದು ನಾನು ಆಯ್ದುಕೊಂಡಿರುವ ವಿಷಯ ಸ್ವಲ್ಪ ಬೇರೆ. ಕಣ್ಣು ಕಾಣದ ಮತ್ತು ಅರೆದೃಷ್ಟಿಯ ಮಕ್ಕಳು ಓಟ, ಜಿಗಿತ, ಎಸೆತಗಳಲ್ಲಿ, ಅಂದರೆ ಅಥ್ಲೆಟಿಕ್ಸ್‌ನಲ್ಲಿ ಭಾಗವಹಿಸುವ ವಿಷಯವದು. "ಓದುವುದೇ ಕಷ್ಟವಿರುವಾಗ ಓಟದ ಮಾತೇಕೆ?" ಎಂದು ಕೆಲವರಿಗೆ ಅನ್ನಿಸಬಹುದು. ಆ ಪ್ರಶ್ನೆಗೂ ನನ್ನ ತಿಳಿವಳಿಕೆಗೆ ನಿಲುಕಿದ ಉತ್ತರವನ್ನು ಮುಂದೆ ಹೇಳುತ್ತೇನೆ.

ನಮ್ಮ ಶಾಲೆಗಳಲ್ಲಿ ಆಟದ ಪಿರಿಯಡ್‌ನ ಗಂಟೆ ಹೊಡೆದಾಗ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಮಕ್ಕಳೆಲ್ಲ ಮೈದಾನಕ್ಕೆ ಓಡುತ್ತಾರೆ. ಕಣ್ಣು ಮಂದವಾದ ಒಂದು ಮಗು ಇದ್ದರೆ ಅದನ್ನು ಮರದ ನೆರಳಿನಲ್ಲಿ ಕೂರಿಸಿ, "ಎಲ್ಲರ ಚೀಲ, ಚಪ್ಪಲಿ ನೋಡಿಕೊಳ್ಳಪ್ಪ" ಎನ್ನುತ್ತೇವೆ. ಹೀಗೆ ಹೇಳುವವರು ಕೆಟ್ಟವರಲ್ಲ. ಮಗು ಬಿದ್ದು ಗಾಯ ಮಾಡಿಕೊಂಡೀತು ಎಂಬ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಹೀಗೆ ಕುಳಿತ ಮಗು ತಾನು ಕೂರುವುದಕ್ಕೇ ಹುಟ್ಟಿದವನು ಎಂದು ನಂಬಿಬಿಡುತ್ತದೆ. ಮೊಣಕಾಲಿನ ಗಾಯ ಒಂದು ವಾರದಲ್ಲಿ ಮಾಯುತ್ತದೆ. ಈ ನಂಬಿಕೆ ಮಾಯುವುದು ಕಷ್ಟ.

ಅಂಧರು ಎಂದೊಡನೆ ನಮ್ಮ ನಾಡಿನವರಿಗೆ ಸಂಗೀತ ನೆನಪಾಗುತ್ತದೆ. ಅದಕ್ಕೆ ಕಾರಣವೂ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು, ತಾವೇ ಅಂಧರಾಗಿದ್ದು, ಎಷ್ಟೋ ಅಂಧ ಮಕ್ಕಳಿಗೆ ವಿದ್ಯೆ ಕೊಟ್ಟು ಬದುಕು ಕಟ್ಟಿಕೊಟ್ಟರು. ನಮ್ಮ ಸಮಾಜದಲ್ಲಿ ಕಣ್ಣು ಕಾಣದ ಹುಡುಗನನ್ನು ಮದ್ರಸಕ್ಕೆ ಸೇರಿಸಿ ಹಾಫಿಝ್ ಮಾಡುವ ಸಂಪ್ರದಾಯವಿದೆ. ಇವೆರಡೂ ದೊಡ್ಡ ಸಂಪ್ರದಾಯಗಳು, ಅವುಗಳ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಕಂಠ ಮತ್ತು ನೆನಪಿನ ಶಕ್ತಿಗೆ ಅವಕಾಶ ಕೊಟ್ಟ ನಾವು ಕಾಲುಗಳಿಗೆ ಅವಕಾಶ ಕೊಟ್ಟಿಲ್ಲ. ಕುರ್‌ಆನ್ ಕಂಠಪಾಠ ಮಾಡಿದ ಹುಡುಗ ಬೆಳಿಗ್ಗೆ ಎರಡು ಸುತ್ತು ಓಡಬಾರದು ಎಂದು ಯಾರೂ ಹೇಳಿಲ್ಲ.

ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ಆಕೆ ದೂರದ ದೇಶದವಳಲ್ಲ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯವಳು. ಹೆಸರು ರಕ್ಷಿತಾ ರಾಜು. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದರು. ಚಿಕ್ಕಮಗಳೂರಿನ ಆಶಾಕಿರಣ ಅಂಧರ ಶಾಲೆಯಲ್ಲಿ ಓದುವಾಗ ಓಟದ ಪರಿಚಯವಾಯಿತು. 2018ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಮುಂದಿನ ಕೂಟದಲ್ಲಿ ಅದೇ ಓಟದಲ್ಲಿ ಮತ್ತೆ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೆ ಹೋದರು. ಅಲ್ಲಿ ಫೈನಲ್ ತಲುಪಲಾಗಲಿಲ್ಲ. ಆದರೆ ಭಾರತದಿಂದ ಆ ವಿಭಾಗದ 1500 ಮೀಟರ್ ಓಟಕ್ಕೆ ಅರ್ಹತೆ ಪಡೆದು ಹೋದ ಮೊದಲ ಅಂಧ ಮಹಿಳೆ ಅವರೇ.

ಇಷ್ಟನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಆ ಚಿತ್ರಗಳಲ್ಲಿ ಆಕೆಯ ಪಕ್ಕದಲ್ಲಿ ಓಡುತ್ತಿರುವ ಇನ್ನೊಬ್ಬ ವ್ಯಕ್ತಿಯ ಕಡೆಗೆ. ಅವರು ರಾಹುಲ್ ಬಾಲಕೃಷ್ಣ, ರಕ್ಷಿತಾ ಅವರ ತರಬೇತುದಾರರು ಮತ್ತು ಗೈಡ್ ರನ್ನರ್. ಇಬ್ಬರ ಕೈಗಳ ನಡುವೆ ಒಂದು ಸಣ್ಣ ಹಗ್ಗ ಇರುತ್ತದೆ. ಆ ಹಗ್ಗದ ಒಂದು ತುದಿ ಖಾಲಿ ಇದ್ದಿದ್ದರೆ ಇನ್ನೊಂದು ತುದಿಯಲ್ಲಿರುವ ಹುಡುಗಿಗೆ ಎಷ್ಟೇ ಪ್ರತಿಭೆ ಇದ್ದರೂ ಓಡುವುದು ಸಾಧ್ಯವಿರಲಿಲ್ಲ. ನನ್ನ ಇಂದಿನ ಮಾತಿನ ಸಾರವೇ ಇದು. ನಮ್ಮ ಅಂಧ ಮಕ್ಕಳನ್ನು ಮೈದಾನದಿಂದ ಹೊರಗೆ ಇಟ್ಟಿರುವುದು ಅವರ ಕಣ್ಣಿಗಿಂತ ಹೆಚ್ಚಾಗಿ ಜೊತೆಗೆ ಓಡುವವರು ಇಲ್ಲದಿರುವುದು.

ಇನ್ನು ಈ ಕ್ರೀಡೆಯ ವ್ಯವಸ್ಥೆ ಹೇಗಿದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ವಿವರಿಸುತ್ತೇನೆ. ಪ್ಯಾರಾಲಿಂಪಿಕ್ಸ್ 1960ರಲ್ಲಿ ರೋಮ್‌ನಲ್ಲಿ ಆರಂಭವಾದಾಗ ಬೆನ್ನುಹುರಿಗೆ ಪೆಟ್ಟಾದವರಿಗೆ ಮಾತ್ರ ಸ್ಪರ್ಧೆಗಳಿದ್ದವು. ಅಂಧರಿಗೆ ಪ್ರವೇಶ ಸಿಕ್ಕಿದ್ದು 1976ರ ಟೊರಾಂಟೊ ಕೂಟದಲ್ಲಿ. ಇಂದು ದೃಷ್ಟಿದೋಷ ಇರುವ ಓಟಗಾರರನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ: ಟಿ-11, ಟಿ-12 ಮತ್ತು ಟಿ-13. ಟಿ-11 ಎಂದರೆ ದೃಷ್ಟಿ ಇಲ್ಲವೇ ಇಲ್ಲ ಅಥವಾ ಬೆಳಕಿನ ಅರಿವು ಮಾತ್ರ ಇದೆ ಎನ್ನುವಂಥವರು. ಬೆಳಕಿನ ಅರಿವಿನಲ್ಲೂ ಹೆಚ್ಚು ಕಡಿಮೆ ಇರುವುದರಿಂದ ಇವರೆಲ್ಲರೂ ಓಡುವಾಗ ಕಣ್ಣಿಗೆ ಬೆಳಕು ಬಾರದ ಪಟ್ಟಿ ಕಟ್ಟಿಕೊಳ್ಳಬೇಕು, ಗೈಡ್ ಜೊತೆಗೇ ಓಡಬೇಕು. ಟಿ-12 ವರ್ಗದವರಿಗೆ ಸ್ವಲ್ಪ ದೃಷ್ಟಿ ಇರುತ್ತದೆ. ಗೈಡ್ ಬೇಕೇ ಬೇಡವೇ ಎಂಬುದು ಅವರ ಆಯ್ಕೆ. ಟಿ-13 ವರ್ಗದವರು ಒಬ್ಬರೇ ಓಡುತ್ತಾರೆ. ಎಸೆತದ ಸ್ಪರ್ಧೆಗಳಲ್ಲಿ ಇದೇ ವರ್ಗಗಳಿಗೆ ಎಫ್ ಅಕ್ಷರ ಬಳಸುತ್ತಾರೆ.

ಇಲ್ಲಿ ಪೋಷಕರು ಒಂದು ವಿಷಯ ತಿಳಿದಿರಬೇಕು. ಕನ್ನಡಕ ಹಾಕಿದ ನಂತರವೂ ಉಳಿಯುವ ದೋಷವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಕಣ್ಣು ಹೋಗಿ ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಈ ವರ್ಗಗಳಲ್ಲಿ ಸ್ಥಾನ ಸಿಗುವುದಿಲ್ಲ. ಹಾಗೆಯೇ ಸರ್ಕಾರದ ಅಂಗವಿಕಲತೆಯ ಪ್ರಮಾಣಪತ್ರ ಬೇರೆ, ಕ್ರೀಡೆಯ ವರ್ಗೀಕರಣ ಬೇರೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ.

ಜೊತೆ ಓಟಕ್ಕೂ ಕಟ್ಟುನಿಟ್ಟಿನ ನಿಯಮಗಳಿವೆ. ಹಗ್ಗ ಹಿಗ್ಗುವಂಥದ್ದಾಗಿರಬಾರದು, 30 ಸೆಂಟಿಮೀಟರ್‌ಗಿಂತ ಉದ್ದ ಇರಬಾರದು. ಗೈಡ್ ಓಟಗಾರನನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಗುರಿಗೆರೆಯನ್ನು ಓಟಗಾರನಿಗಿಂತ ಮೊದಲು ಗೈಡ್ ದಾಟುವಂತಿಲ್ಲ. ವೇಗದ ಓಟಗಳಲ್ಲಿ ಒಂದು ಜೋಡಿಗೆ ಎರಡು ಲೇನ್ ಕೊಡುತ್ತಾರೆ, ಆದ್ದರಿಂದ ಫೈನಲ್‌ನಲ್ಲಿ ನಾಲ್ಕೇ ಜೋಡಿಗಳಿರುತ್ತವೆ. ಪದಕ ಬಂದರೆ ಜೊತೆಗೆ ಓಡಿದ ಗೈಡ್‌ಗೂ ಪದಕವುಂಟು. 2024ರ ಪ್ಯಾರಿಸ್ ಕೂಟದಲ್ಲಿ ಉತ್ತರ ಪ್ರದೇಶದ ಸಿಮ್ರನ್ ಶರ್ಮಾ ಟಿ-12 ವರ್ಗದ 200 ಮೀಟರ್ ಓಟದಲ್ಲಿ ಕಂಚು ಗೆದ್ದಾಗ ಅವರ ಗೈಡ್ ಅಭಯ್ ಸಿಂಗ್ ಕೂಡ ವೇದಿಕೆ ಏರಿದರು.

ಅದೇ ಕೂಟದ ಇನ್ನೊಂದು ಘಟನೆ ನೋಡಿ. ಸ್ಪೇನ್ ದೇಶದ ಎಲೆನಾ ಕಾಂಗೋಸ್ಟ್ ಮಹಿಳೆಯರ ಮ್ಯಾರಥಾನ್‌ನಲ್ಲಿ ಮೂರನೆಯವರಾಗಿ ಬರುತ್ತಿದ್ದರು. 42 ಕಿಲೋಮೀಟರ್ ಮುಗಿದು ಗುರಿ ಕೆಲವೇ ಹೆಜ್ಜೆ ಇರುವಾಗ ಗೈಡ್‌ಗೆ ಸ್ನಾಯು ಸೆಳೆತ ಬಂದು ಬೀಳುವ ಹಾಗಾಯಿತು. ಎಲೆನಾ ಹಗ್ಗ ಬಿಟ್ಟು ಅವರನ್ನು ಹಿಡಿದುಕೊಂಡರು. ಹಗ್ಗ ಬಿಟ್ಟಿದ್ದು ನಿಯಮಭಂಗ ಎಂದು ಅಂದು ಅವರನ್ನು ಅನರ್ಹಗೊಳಿಸಲಾಯಿತು. ನಿಯಮದ ಸರಿ ತಪ್ಪು ಏನೇ ಇರಲಿ, ಈ ಸಂಬಂಧದಲ್ಲಿ ಯಾರು ಯಾರಿಗೆ ಆಸರೆ ಎಂಬುದನ್ನು ಯೋಚಿಸಿ. ಕಣ್ಣಿದ್ದವನು ಕೊಡುವವನು, ಕಣ್ಣಿಲ್ಲದವನು ಪಡೆಯುವವನು ಎಂದಷ್ಟೇ ತಿಳಿದವರಿಗೆ ಈ ಕ್ರೀಡೆ ಅರ್ಥವಾಗುವುದಿಲ್ಲ.

ಅರೆದೃಷ್ಟಿಯವರ ಸಾಮರ್ಥ್ಯದ ಬಗ್ಗೆ ಸಂದೇಹ ಇರುವವರಿಗೆ 2016ರ ರಿಯೊ ಕೂಟವನ್ನು ನೆನಪಿಸುತ್ತೇನೆ. ಟಿ-13 ವರ್ಗದ 1500 ಮೀಟರ್ ಓಟವನ್ನು ಅಲ್ಜೀರಿಯಾದ ಅಬ್ದುಲ್ಲತೀಫ್ ಬಾಕಾ 3 ನಿಮಿಷ 48.29 ಸೆಕೆಂಡುಗಳಲ್ಲಿ ಗೆದ್ದರು. ಕೆಲವೇ ವಾರಗಳ ಹಿಂದೆ ಅದೇ ಊರಿನಲ್ಲಿ ಒಲಿಂಪಿಕ್ಸ್‌ನ 1500 ಮೀಟರ್ ಚಿನ್ನ ಗೆದ್ದ ಅಮೆರಿಕದ ಓಟಗಾರನ ಕಾಲ 3 ನಿಮಿಷ 50 ಸೆಕೆಂಡು. ಬಾಕಾ ಮಾತ್ರವಲ್ಲ, ನಾಲ್ಕನೆಯವನಾಗಿ ಬಂದ ಅವರ ಸಹೋದರ ಫುವಾದ್ ಸೇರಿದಂತೆ ಮೊದಲ ನಾಲ್ವರೂ ಅದಕ್ಕಿಂತ ವೇಗವಾಗಿ ಓಡಿದ್ದರು. ಆ ಒಲಿಂಪಿಕ್ ಫೈನಲ್ ಬೇಕೆಂತಲೇ ನಿಧಾನವಾಗಿ ಓಡಿ ಕೊನೆಯಲ್ಲಿ ವೇಗ ಹೆಚ್ಚಿಸಿದ ಓಟ ಎಂಬುದನ್ನೂ ಹೇಳಬೇಕು. ಆದರೂ ಮಂದದೃಷ್ಟಿ ಎಂದರೆ ಮಂದಗತಿಯಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

"ನಮ್ಮ ಹೆಣ್ಣುಮಕ್ಕಳ ಉಡುಪಿನ ಗತಿಯೇನು?" ಎಂದು ತಾಯಂದಿರು ಕೇಳಬಹುದು. ಇರಾನಿನ ಹಾಜರ್ ಸಫರ್‌ಝಾದೆ ತಲೆವಸ್ತ್ರ ಧರಿಸಿ, ಮೈತುಂಬ ಬಟ್ಟೆ ತೊಟ್ಟು ಓಡಿ ಪ್ಯಾರಿಸ್‌ನಲ್ಲಿ ಟಿ-12 ವರ್ಗದ 400 ಮೀಟರ್ ಓಟದ ಬೆಳ್ಳಿ ಪದಕ ಪಡೆದರು. ಗೈಡ್ ಪುರುಷನೇ ಆಗಿರಬೇಕೆಂಬ ನಿಯಮವೂ ಇಲ್ಲ. ಅಕ್ಕ, ತಂಗಿ, ಗೆಳತಿ, ಶಿಕ್ಷಕಿ ಯಾರಾದರೂ ಆಗಬಹುದು. ಓಟಗಾರ್ತಿಗಿಂತ ಅವರು ಸ್ವಲ್ಪ ವೇಗವಾಗಿ ಓಡಬಲ್ಲವರಾಗಿರಬೇಕು, ಅಷ್ಟೇ.

ಈಗ ನಮ್ಮ ದೀನ್‌ನ ಕಡೆಯಿಂದ ಒಂದೆರಡು ಮಾತು. ಪ್ರವಾದಿ ಮುಹಮ್ಮದ್ (ಸ) ಅವರ ಸಂಗಾತಿಗಳಲ್ಲಿ ಹಝ್ರತ್ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್ (ರ) ಅಂಧರಾಗಿದ್ದರು. ಸೂರಃ ಅಬಸದ ಆರಂಭದ ವಚನಗಳು ಅವರ ನಿಮಿತ್ತ ಅವತೀರ್ಣವಾದವು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಅವರು ಹಝ್ರತ್ ಬಿಲಾಲ್ (ರ) ಅವರಂತೆಯೇ ಅಝಾನ್ ಕೊಡುತ್ತಿದ್ದರು. ಪ್ರವಾದಿಯವರು ಮದೀನಾದಿಂದ ಹೊರಗೆ ಹೋಗುವಾಗ ಊರಿನ ಹೊಣೆಯನ್ನು ಅವರಿಗೆ ವಹಿಸಿದ್ದೂ ಉಂಟು. ಮಸೀದಿಗೆ ಕರೆದೊಯ್ಯುವವರು ಇಲ್ಲವೆಂದು ಅವರು ವಿನಾಯಿತಿ ಕೇಳಿದಾಗ, ಅಝಾನ್ ಕೇಳಿಸುತ್ತದೆಯೇ ಎಂದು ಪ್ರವಾದಿಯವರು ವಿಚಾರಿಸಿ, ಹಾಗಾದರೆ ಬರಬೇಕೆಂದು ತಿಳಿಸಿದ ಪ್ರಸಂಗ ಹದೀಸ್‌ನಲ್ಲಿ ಬರುತ್ತದೆ. ಇದರ ಫಿಕ್ಹ್ ವಿವರಗಳನ್ನು ಉಲಮಾಗಳು ಹೇಳಬೇಕು. ಕಷ್ಟದ ಕಾರಣಕ್ಕೆ ಅಂಧರಿಗೆ ರಿಯಾಯಿತಿ ಇದೆ ಎಂಬುದು ಕುರ್‌ಆನ್‌ನಲ್ಲೇ ಇದೆ. ನಾನು ಕಲಿತ ಪಾಠ ಇಷ್ಟು: ರಿಯಾಯಿತಿ ಕೊಡುವುದು ಬೇರೆ, ಸಾಲಿನಿಂದ ಹೊರಗಿಡುವುದು ಬೇರೆ. ದೃಷ್ಟಿ ಮಂದವಾದವನಿಗೆ ದಾರಿ ತೋರಿಸುವುದೂ ಸದಕಾ ಎಂದು ಕಲಿಸಿದ ಧರ್ಮ ನಮ್ಮದು. ಬೆಳಿಗ್ಗೆ ಅರ್ಧ ಗಂಟೆ ಜೊತೆಗೆ ಓಡುವುದು ಅಂಥ ಸದಕಾ ಆಗದೆ ಇನ್ನೇನು?

ಹಾಗಾದರೆ ನಾವು ಏನು ಮಾಡಬಹುದು? ಇದಕ್ಕೆ ಸಿಂಥೆಟಿಕ್ ಟ್ರ್ಯಾಕ್ ಬೇಕಿಲ್ಲ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಶಾಲಾ ಮೈದಾನವಿದೆ. ಫಜ್ರ್ ನಮಾಝ್ ಮುಗಿಸಿದ ಯುವಕರು ಆ ಹೊತ್ತಿಗೆ ಎದ್ದೇ ಇರುತ್ತಾರೆ. ಜಗಳೂರಿನಂಥ ಬಿಸಿಲ ಸೀಮೆಯಲ್ಲಿ ಓಟಕ್ಕೆ ಅದೇ ಸರಿಯಾದ ಸಮಯ. ಮೊದಲು ಮೈದಾನವನ್ನು ಇಬ್ಬರೂ ಸೇರಿ ನಡೆದು ನೋಡಬೇಕು. ಗುಂಡಿ, ಕಲ್ಲು, ಕಟ್ಟಿದ ಹಸು, ನಿಲ್ಲಿಸಿದ ಬೈಕು ಎಲ್ಲಿವೆ ಎಂದು ಗೈಡ್‌ಗೆ ಗೊತ್ತಿರಬೇಕು. ಅರ್ಧ ಮೊಳಕ್ಕಿಂತ ಸ್ವಲ್ಪ ಉದ್ದದ ಹತ್ತಿಯ ಹಗ್ಗ ಅಥವಾ ಗಟ್ಟಿ ಶೂ ಲೇಸಿನ ಎರಡು ತುದಿಗೂ ಕುಣಿಕೆ ಹಾಕಿಕೊಂಡರೆ ಸಾಕು. ಮೊದಲ ವಾರ ಬರೀ ನಡಿಗೆ. ಪಕ್ಕಪಕ್ಕದ ಕೈಗಳು ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ ಬೀಸುವಂತೆ ಅಭ್ಯಾಸವಾಗಬೇಕು. ಕೈ ಹೊಂದಿಕೊಂಡರೆ ಕಾಲು ತಾನಾಗಿ ಹೊಂದಿಕೊಳ್ಳುತ್ತದೆ. ಆಮೇಲೆ ನಿಧಾನ ಓಟ. ಗೈಡ್ ಮಾತನಾಡುತ್ತಲೇ ಇರಬೇಕು: "ನೇರ", "ಎಡ ತಿರುವು", "ಇನ್ನು ಹತ್ತು ಹೆಜ್ಜೆ" ಎಂದು. ಓಡುತ್ತಾ ಮಾತನಾಡುವಷ್ಟು ಉಸಿರು ಉಳಿಯದವನು ಆ ಓಟಗಾರನಿಗೆ ತಕ್ಕ ಗೈಡ್ ಅಲ್ಲ, ಇನ್ನೊಬ್ಬನನ್ನು ಹುಡುಕಬೇಕು. ಗೈಡ್ ಆಗಬೇಕೆನ್ನುವವರು ಮೊದಲ ದಿನ ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಬ್ಬರ ಜೊತೆ ಒಂದು ಸುತ್ತು ನಡೆಯಲಿ. ಹಗ್ಗವನ್ನು ಜಗ್ಗಿದರೆ ಹೇಗೆನ್ನಿಸುತ್ತದೆ ಎಂದು ಆಗ ತಿಳಿಯುತ್ತದೆ.

ಮೈದಾನ ಚಿಕ್ಕದಾದರೆ ಗುಂಡು ಎಸೆತದಿಂದ ಆರಂಭಿಸಬಹುದು. ಮಗುವನ್ನು ವೃತ್ತದೊಳಗೆ ಸರಿಯಾದ ದಿಕ್ಕಿಗೆ ನಿಲ್ಲಿಸಿ, ಶಿಕ್ಷಕರು ಎಸೆಯಬೇಕಾದ ದಿಕ್ಕಿನಲ್ಲಿ ಸುರಕ್ಷಿತ ದೂರದಿಂದ ಚಪ್ಪಾಳೆ ತಟ್ಟಿ ಕರೆದು ಪಕ್ಕಕ್ಕೆ ಸರಿದರೆ ಆಯಿತು. ಉದ್ದ ಜಿಗಿತದಲ್ಲೂ ಹೀಗೆ ಧ್ವನಿಯ ಸಹಾಯವಿದೆ. ಅಂಧರಿಗೆ ಸಣ್ಣ ಹಲಗೆಯ ಬದಲು 1 ಮೀಟರ್ ಉದ್ದದ ಜಿಗಿತದ ಜಾಗ ಗುರುತಿಸಿ, ಕಾಲೂರಿದ ಸ್ಥಳದಿಂದಲೇ ಅಳೆಯುತ್ತಾರೆ.

ಎಚ್ಚರಿಕೆಯ ಮಾತೂ ಬೇಕು. ಓಟ ಆರಂಭಿಸುವ ಮೊದಲು ಕಣ್ಣಿನ ವೈದ್ಯರನ್ನು ಕಾಣಲೇಬೇಕು. ತುಂಬ ದಪ್ಪ ಕನ್ನಡಕದ ಮಕ್ಕಳಿಗೆ, ಅಕ್ಷಿಪಟಲ ಕಳಚುವ ಅಪಾಯ ಇರುವವರಿಗೆ ಜಿಗಿತ ಮತ್ತು ಭಾರದ ಆಟಗಳು ತೊಂದರೆ ಕೊಡಬಹುದು. ಬೆಳಕು ತಡೆಯದ ಕಣ್ಣಿನವರಿಗೆ ಟೋಪಿ, ತಂಪು ಕನ್ನಡಕ ಬೇಕು. ಇರುಳುಗುರುಡು ಇರುವವರನ್ನು ಮಗ್ರಿಬ್ ಹೊತ್ತಿನಲ್ಲಿ ಓಡಿಸಬಾರದು.

ಶಿಕ್ಷಕರಲ್ಲಿ ಒಂದು ವಿನಂತಿ. ಪೂರ್ತಿ ಕಣ್ಣು ಕಾಣದ ಮಗು ಎಲ್ಲರ ಗಮನಕ್ಕೆ ಬರುತ್ತದೆ. ಅರೆದೃಷ್ಟಿಯ ಮಗು ತಪ್ಪಿಸಿಕೊಳ್ಳುತ್ತದೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ, ಎಸೆದ ಚೆಂಡು ಹಿಡಿಯಲಾಗದ, ಸಂಜೆ ಮುಗ್ಗರಿಸುವ ಮಗುವನ್ನು ದಡ್ಡ, ಸೋಮಾರಿ ಎಂದು ಬಯ್ಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಶೇಕಡಾ 40 ಅಥವಾ ಹೆಚ್ಚು ದೋಷ ಇದ್ದರೆ ವೈದ್ಯಕೀಯ ಮಂಡಳಿಯ ಮೂಲಕ ಯುಡಿಐಡಿ ಕಾರ್ಡ್ ಮಾಡಿಸಿಕೊಡಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರು ಅರ್ಜಿಗೆ ನೆರವಾಗುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಕ್ಕಳಿಗೆ ಇತರರ ಸಮಾನವಾಗಿ ಕ್ರೀಡೆಯ ಅವಕಾಶ ಕೊಡಬೇಕೆಂದು ಹೇಳುತ್ತದೆ. ಅಂದರೆ ಚೀಲ ಕಾಯಲು ಕೂರಿಸುವುದು ಕಾನೂನಿಗೂ ಒಪ್ಪುವ ಮಾತಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರುತ್ತೇನೆ. ಓದು ಮುಖ್ಯವಲ್ಲವೇ? ಖಂಡಿತ ಮುಖ್ಯ. ಓಡಿದವರೆಲ್ಲ ಪ್ಯಾರಿಸ್‌ಗೆ ಹೋಗುವುದಿಲ್ಲ, ಪದಕದಿಂದ ಎಲ್ಲರ ಮನೆ ನಡೆಯುವುದೂ ಇಲ್ಲ. ಮಗುವಿನ ಬ್ರೈಲ್, ಕಂಪ್ಯೂಟರ್, ಪದವಿ ಯಾವುದನ್ನೂ ಬಿಡಿಸಿ ಓಡಿಸಿರೆಂದು ನಾನು ಹೇಳುವುದಿಲ್ಲ. ಆದರೆ ಬ್ರೈಲ್ ಕಲಿತ ಹುಡುಗ ಬಸ್ ಹತ್ತಿ ಕಾಲೇಜಿಗೆ ಹೋಗಬೇಕು, ಅಪರಿಚಿತರ ನಡುವೆ ನಡೆಯಬೇಕು, ನಾಳೆ ಕಚೇರಿಯಲ್ಲಿ ಕೆಲಸ ಮಾಡಬೇಕು. ಸದಾ ಕುಳಿತೇ ಇದ್ದ ಮಗುವಿಗೆ ಹೊಸ್ತಿಲು ದಾಟಲೂ ಭಯ. ನೂರು ಮೀಟರ್ ಓಡಿ ಬಂದ ಮಗುವಿಗೆ ತನ್ನ ಕಾಲಿನ ಮೇಲೆ ನಂಬಿಕೆ ಇರುತ್ತದೆ. ಆ ನಂಬಿಕೆ ಇಲ್ಲದೆ ನಾವು ಕೊಡುವ ವಿದ್ಯಾರ್ಥಿವೇತನದ ಪೂರ್ಣ ಪ್ರಯೋಜನ ಆಗುವುದಿಲ್ಲ.

ಆದ್ದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಮೊಹಲ್ಲಾವಾರು ದೃಷ್ಟಿದೋಷದ ಮಕ್ಕಳ ಪಟ್ಟಿ ಮಾಡುವುದು, ನೆರೆಹೊರೆಯ ಎಲ್ಲ ಸಮುದಾಯದ ಮಕ್ಕಳನ್ನೂ ಅದರಲ್ಲಿ ಸೇರಿಸುವುದು. ಎರಡು, ಪ್ರತಿ ಮಗುವಿಗೆ ಇಬ್ಬರು ಜೊತೆ ಓಟಗಾರರನ್ನು ಗೊತ್ತುಮಾಡುವುದು, ಒಬ್ಬರು ಬಾರದ ದಿನ ಇನ್ನೊಬ್ಬರಿರಲೆಂದು. ಮೂರು, ಮುಂದಿನ ವಾರ್ಷಿಕ ಕ್ರೀಡಾಕೂಟದಲ್ಲಿ ಈ ಮಕ್ಕಳ ಓಟವನ್ನು ಕಾರ್ಯಕ್ರಮದ ಪಟ್ಟಿಯಲ್ಲೇ ಮುದ್ರಿಸುವುದು. ಅದು ಕೊನೆಯಲ್ಲಿ ಕನಿಕರಕ್ಕೆ ಸೇರಿಸಿದ ಓಟ ಆಗಬಾರದು. ಸಮಯ ಅಳೆದು, ಗೆದ್ದವರನ್ನೂ ಸೋತವರನ್ನೂ ಹೇಳುವ ನಿಜವಾದ ಸ್ಪರ್ಧೆಯಾಗಬೇಕು.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ನಿಮ್ಮ ತರಗತಿಯಲ್ಲೋ ಬೀದಿಯಲ್ಲೋ ಅಂಥ ಒಬ್ಬ ಗೆಳೆಯ ಅಥವಾ ಗೆಳತಿ ಇದ್ದರೆ ಇವತ್ತು ಸಂಜೆಯೇ ಹೋಗಿ ಕೇಳಿ, "ನಾಳೆ ಬೆಳಿಗ್ಗೆ ಮೈದಾನಕ್ಕೆ ಬರುತ್ತೀಯಾ? ನಾನು ಜೊತೆಗಿರುತ್ತೇನೆ" ಎಂದು. ಬರುವುದಿಲ್ಲ ಎಂದರೆ ಬಲವಂತ ಬೇಡ, ಮುಂದಿನ ವಾರ ಮತ್ತೊಮ್ಮೆ ಕೇಳಿ. ಬರುತ್ತೇನೆ ಎಂದರೆ ಹೇಳಿದ ಹೊತ್ತಿಗೆ ತಪ್ಪದೆ ಹೋಗಿ, ಏಕೆಂದರೆ ಅವರು ನಿಮಗಾಗಿ ಬಾಗಿಲಲ್ಲಿ ಕಾಯುತ್ತಿರುತ್ತಾರೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ಧೈರ್ಯವನ್ನೂ, ನಮಗೆ ಅವರ ಜೊತೆ ನಿಲ್ಲುವ ಮನಸ್ಸನ್ನೂ ಕರುಣಿಸಲಿ. ಆಮೀನ್.